ನಾಲ್ಕು ಕೀಲಿಗಳು

ಮನೆಯ ಬೀಗದ ಕೈ ಕಳೆದರೆ ಬೀಗವನ್ನು ಒಡೆಸಬಹುದು. ಬ್ಯಾಂಕಿನ ಪಾಸ್‌ಬುಕ್ ಕಳೆದರೆ ಅರ್ಜಿ ಬರೆದುಕೊಟ್ಟು ಬೇರೊಂದನ್ನು ಪಡೆಯಬಹುದು. ಆದರೆ ಒಡೆಯಲಾಗದ ಬೀಗವೂ, ಅರ್ಜಿ ಸ್ವೀಕರಿಸುವ ಅಧಿಕಾರಿಯೇ ಇಲ್ಲದ ಖಜಾನೆಯೂ ಇಂದು ಉಂಟು.

2016ರಲ್ಲಿ ಅಮೆರಿಕದ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಎಂಬುವರು ‘ಸ್ಟೀಮಿಟ್’ ಎಂಬ ಸಾಮಾಜಿಕ ತಾಣವನ್ನು ಆರಂಭಿಸಿದರು. ಅಲ್ಲಿ ಬರೆಯುವವರಿಗೆ ಓದುಗರ ಮತಗಳಿಗೆ ಅನುಗುಣವಾಗಿ ‘ಸ್ಟೀಮ್’ ಎಂಬ ಅಂಕೀಯ ನಾಣ್ಯ ದೊರೆಯುತ್ತದೆ. ಅದರ ಲೆಕ್ಕವೆಲ್ಲವೂ ಬ್ಲಾಕ್‌ಚೈನ್ ಎಂಬ ದಾಖಲೆಯಲ್ಲಿ ಇರುತ್ತದೆ. ಈ ದಾಖಲೆಯ ಪ್ರತಿಗಳು ಅನೇಕ ಗಣಕಯಂತ್ರಗಳಲ್ಲಿ ಇರುವುದರಿಂದ, ಒಮ್ಮೆ ಬರೆದುದನ್ನು ಒಬ್ಬನೇ ಅಳಿಸಲಾರನು.

ಈ ದಾಖಲೆಯು ಮನುಷ್ಯನ ಮುಖವನ್ನು ನೋಡದು. ಸಹಿಯನ್ನು ಮಾತ್ರ ನೋಡುತ್ತದೆ. ಪ್ರತಿ ಕೀಲಿಯೂ ಒಂದು ಜೋಡಿ. ಬಹಿರಂಗ ಕೀಲಿಯು ಎಲ್ಲರಿಗೂ ಕಾಣುತ್ತದೆ. ಗುಪ್ತ ಕೀಲಿಯು ಖಾತೆದಾರನ ಬಳಿ ಮಾತ್ರ ಇರಬೇಕು. ಗುಪ್ತ ಕೀಲಿಯಿಂದ ಮಾಡಿದ ಸಹಿಯನ್ನು ಬಹಿರಂಗ ಕೀಲಿಯಿಂದ ಪರೀಕ್ಷಿಸಬಹುದು. ಆದರೆ ಬಹಿರಂಗ ಕೀಲಿಯಿಂದ ಗುಪ್ತ ಕೀಲಿಯನ್ನು ಕಂಡುಹಿಡಿಯುವುದು ಕಾರ್ಯತಃ ಅಸಾಧ್ಯ.

ಒಂದು ಖಾತೆಗೆ ನಾಲ್ಕು ಬಗೆಯ ಕೀಲಿಗಳುಂಟು. ‘ಪೋಸ್ಟಿಂಗ್’ ಕೀಲಿಯಿಂದ ಬರೆಯಬಹುದು, ಮತ ನೀಡಬಹುದು. ‘ಆಕ್ಟಿವ್’ ಕೀಲಿಯಿಂದ ಹಣವನ್ನು ವರ್ಗಾಯಿಸಬಹುದು. ‘ಮೆಮೊ’ ಕೀಲಿಯಿಂದ ರಹಸ್ಯ ಟಿಪ್ಪಣಿಗಳನ್ನು ಓದಬಹುದು. ‘ಓನರ್’ ಕೀಲಿಯಿಂದ ಉಳಿದೆಲ್ಲ ಕೀಲಿಗಳನ್ನೂ ಬದಲಾಯಿಸಬಹುದು. ಈ ನಾಲ್ಕನ್ನೂ ಒಂದೇ ಮೂಲ ಗುಪ್ತಪದದಿಂದ ಪಡೆಯಬಹುದಾದ ಕಾರಣ, ಅದು ಎಲ್ಲಕ್ಕಿಂತ ಅಮೂಲ್ಯವಾದುದು.

ಇಷ್ಟು ಕೀಲಿಗಳೇಕೆ? ದೊಡ್ಡ ಮನೆತನದ ಯಜಮಾನಿಯು ಉಗ್ರಾಣದ ಬೀಗದ ಕೈಯನ್ನು ಸೊಸೆಗೆ ಕೊಟ್ಟರೂ ತಿಜೋರಿಯ ಕೈಯನ್ನು ತನ್ನ ಸೊಂಟದಲ್ಲಿಯೇ ಇಟ್ಟುಕೊಳ್ಳುತ್ತಾಳೆ. ಅಂತೆಯೇ ನಿತ್ಯದ ಬಳಕೆಗೆ ಪೋಸ್ಟಿಂಗ್ ಕೀಲಿಯೊಂದೇ ಸಾಕು. ಅದು ಕಳ್ಳನ ಕೈಸೇರಿದರೆ ಹೆಸರಿಗೆ ಕಳಂಕ ಬರಬಹುದು. ಹಣವನ್ನು ಮಾತ್ರ ಅದರಿಂದ ವರ್ಗಾಯಿಸಲಾಗದು.

ಈ ಎಚ್ಚರಿಕೆ ಅನಾವಶ್ಯಕವಲ್ಲ. 2016ರ ಜುಲೈ ತಿಂಗಳಿನಲ್ಲಿಯೇ ಸ್ಟೀಮಿಟ್ಟಿನ ಸುಮಾರು 260 ಖಾತೆಗಳಿಗೆ ಕನ್ನ ಬಿದ್ದಿತು. ಓನರ್ ಕೀಲಿಯನ್ನು ಕಳ್ಳನು ಬದಲಾಯಿಸಿದರೆ, 30 ದಿನಗಳೊಳಗೆ ಹಳೆಯ ಕೀಲಿಯನ್ನು ತೋರಿಸಿ, ಮೊದಲೇ ಗೊತ್ತುಮಾಡಿದ ಮತ್ತೊಂದು ಖಾತೆಯ ನೆರವಿನಿಂದ ಖಾತೆಯನ್ನು ಮರಳಿ ಪಡೆಯಲು ಅವಕಾಶವುಂಟು. ಆದರೆ ಮೂಲ ಗುಪ್ತಪದವನ್ನೂ ಕೀಲಿಗಳನ್ನೂ ತಾನೇ ಕಳೆದುಕೊಂಡವನಿಗೆ ತೋರಿಸಲು ಏನೂ ಉಳಿಯದು. ಅವನ ಗಳಿಕೆಯು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅವನ ಕೈಗೆ ಮಾತ್ರ ಎಟುಕದು.

ಆದುದರಿಂದ ಮೂಲ ಗುಪ್ತಪದವನ್ನು ಕಾಗದದ ಮೇಲೆ ಬರೆದು ಎರಡು ಸುರಕ್ಷಿತ ಸ್ಥಳಗಳಲ್ಲಿ ಇಡುವುದು ವಿವೇಕ. ಒಡೆತನ ಪೂರ್ಣವಾದಷ್ಟೂ ಹೊಣೆಯೂ ಪೂರ್ಣವಾಗುತ್ತದೆ.

ಪ್ರಶ್ನೆಗಳು

1. ನಾಲ್ಕು ಕೀಲಿಗಳ ಉಪಯೋಗಗಳನ್ನು ತಿಳಿಸಿರಿ.
2. ಕೀಲಿ ಕಳವಾಗುವುದಕ್ಕೂ ಕಳೆದುಹೋಗುವುದಕ್ಕೂ ಇರುವ ವ್ಯತ್ಯಾಸವೇನು?