ಬೆಳೆದ ಮಗಳು, ಮನೆ ಮತ್ತು ಗೆಳತಿಯರು



ಗೊಬ್ಬರ, ಬೀಜದ ಮಾತಾಡುವವನು ಹೆಣ್ಣುಮಕ್ಕಳ ವಿಷಯಕ್ಕೇಕೆ ಬಂದನೆಂದು ನಗಬೇಡಿ. ರಾಗಿ ಹೊಲದ ಬದುವಿನ ಮೇಲೆ ಒಬ್ಬ ಹಿರಿಯರು ನನ್ನನ್ನು ಕೇಳಿದರು: "ಮಗಳಿಗೆ ಹದಿಮೂರು ಸ್ವಾಮಿ. ಶಾಲೆ ತಪ್ಪಿಸಿ ದೊಡ್ಡ ಹುಡುಗಿಯರ ಜೊತೆ ತಿರುಗ್ತಾಳೆ. ಓದು ಬಿಡಿಸಿ ಒಂದು ಗಂಡು ನೋಡಲಾ?" ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ಅಪರಾಧ ಎಂದೆ. ಅಷ್ಟಕ್ಕೆ ಅವರ ಚಿಂತೆ ತೀರಲಿಲ್ಲ, ನನ್ನದೂ ತೀರಲಿಲ್ಲ.

ಈ ಚಿಂತೆ ನಮ್ಮೊಬ್ಬರದಲ್ಲ. ಸ್ವೀಡನ್ ದೇಶದ ಯೋರೆಬ್ರೋ ಪಟ್ಟಣದಲ್ಲಿ ಮ್ಯಾಗ್ನುಸನ್ ಎಂಬ ವಿದ್ವಾಂಸರು 1965ರಿಂದ ಶಾಲಾಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದರು. ಹನ್ನೊಂದು ತುಂಬುವ ಮೊದಲೇ ಮೈನೆರೆದ ಹುಡುಗಿಯರು ಹದಿನಾಲ್ಕರ ಸುಮಾರಿಗೆ ಶಾಲೆ ತಪ್ಪಿಸುವುದು, ಕುಡಿಯುವುದು ಮೊದಲಾದ ತಪ್ಪುಗಳನ್ನು ಉಳಿದವರಿಗಿಂತ ಹೆಚ್ಚು ಮಾಡುತ್ತಿದ್ದರು. ಕಾರಣ ಬರಿಯ ಮೈಯಲ್ಲ, ಸಹವಾಸ. ಓರಗೆಯವರ ನಡುವೆ ಹೊಂದದೆ ಅವರು ತಮಗಿಂತ ದೊಡ್ಡವರ ಗುಂಪು ಸೇರುತ್ತಿದ್ದರು. ದೊಡ್ಡವರಿಗೆ ಸಲ್ಲುವುದು ತಮಗೂ ಸಲ್ಲುತ್ತದೆಂದು ಬಗೆಯುತ್ತಿದ್ದರು. ಅಂಥ ದೊಡ್ಡ ಗೆಳತಿಯರಿಲ್ಲದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮುಂದೆ ವಯಸ್ಸಾದಂತೆ ಆ ಚಾಳಿ ಬಹುಮಟ್ಟಿಗೆ ಇಳಿಯಿತು. ಓದು ಮಾತ್ರ ಹಿಂದೆಯೇ ಉಳಿಯಿತು.

ಹಾಗಾದರೆ ಕಾವಲು ಬಿಗಿ ಮಾಡಬೇಕೆ? ಅದೇ ದೇಶದ ಸ್ಟಾಟಿನ್ ಮತ್ತು ಕೆರ್ ಎಂಬುವರು ಹದಿನಾಲ್ಕು ವರ್ಷದ 703 ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ವಿಚಾರಿಸಿ 2000ದಲ್ಲಿ ವರದಿ ಬರೆದರು. ಮಕ್ಕಳ ಓಡಾಟ ಚೆನ್ನಾಗಿ ತಿಳಿದಿದ್ದ ಮನೆಗಳಲ್ಲಿ ತಪ್ಪು ಕಡಿಮೆ. ಇದು ಮೊದಲೇ ಗೊತ್ತಿದ್ದ ಮಾತು. ಹೊಸದೆಂದರೆ, ಹೆತ್ತವರಿಗೆ ಆ ತಿಳಿವಳಿಕೆ ಹೆಚ್ಚಾಗಿ ಬಂದದ್ದು ಕಾವಲಿನಿಂದಲ್ಲ, ಪ್ರಶ್ನೆಗಳಿಂದಲೂ ಅಲ್ಲ. ಮಕ್ಕಳು ತಾವಾಗಿ ಬಾಯಿಬಿಟ್ಟು ಹೇಳಿದ್ದರಿಂದ. ಕಟ್ಟುಪಾಡೇ ಬೇಡವೆಂದು ಇದರ ಅರ್ಥವಲ್ಲ. ಕಟ್ಟುಪಾಡಿಗೂ ಬೆಲೆಯುಂಟೆಂದು ಬೇರೆ ಪಂಡಿತರು ಆಮೇಲೆ ವಾದಿಸಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ. ಆದರೆ ಹೇಳಿದೊಡನೆ ಬೈಗುಳವೋ ಏಟೋ ಬೀಳುವ ಮನೆಯಲ್ಲಿ ಯಾವ ಮಗಳು ಇನ್ನೊಮ್ಮೆ ಬಾಯಿಬಿಟ್ಟಾಳು? ಗೆಳತಿಯರನ್ನು ಅಟ್ಟುವ ಬದಲು ಮನೆಗೇ ಕರೆಯಿರಿ, ಮಜ್ಜಿಗೆ ಕೊಡಿ, ಯಾರೆಂದು ತಿಳಿಯುತ್ತದೆ. ಗಂಡಸರಾದ ನಮಗೆ ಈ ಸಹನೆ ಕಡಿಮೆ.

ಆ ಹಿರಿಯರ ಮನೆಯಲ್ಲಿ ಕಡೆಗೆ ಸಂಗತಿ ತಿಳಿದದ್ದು ಅಜ್ಜಿಗೆ, ಮೊಮ್ಮಗಳೊಡನೆ ಅವರೆಕಾಯಿ ಸುಲಿಯುತ್ತ ಕೂತಾಗ. ತರಗತಿಯಲ್ಲೆಲ್ಲ ಇವಳೇ ಎತ್ತರ. ಉಳಿದವರು ಅಣಕಿಸುತ್ತಿದ್ದರು, ಅಣಕಿಸದವರು ಆ ದೊಡ್ಡ ಹುಡುಗಿಯರು ಮಾತ್ರ. ಮರುದಿನ ತಾಯಿ ಶಾಲೆಗೆ ಹೋಗಿ ಉಪಾಧ್ಯಾಯಿನಿಯವರನ್ನು ಕಂಡು ಬಂದರು. ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ವಾರಕ್ಕೊಂದು ದಿನ ಇನ್ನೂ ತಪ್ಪಿಸುತ್ತಾಳಂತೆ.