ಹಳೆಯ ಗಣಕಯಂತ್ರವು ಕಲಿಸಿದ ಪಾಠ

ಗುಜರಿಗೆ ಬಿದ್ದ ವಸ್ತುವೂ ಗುರುವಾಗುವುದುಂಟು. ದೆಹಲಿಯ ಓಖ್ಲಾದ ಗುಜರಿ ಅಂಗಡಿಯಿಂದ ನಾವು ಹಳೆಯ ಗಣಕಯಂತ್ರವೊಂದನ್ನು ತಂದೆವು. ಧೂಳೊರೆಸಿ, ಕೆಟ್ಟ ಡಿಸ್ಕನ್ನು ಬದಲಿಸಿ, ಡೆಬಿಯನ್ ಎಂಬ ಸ್ವತಂತ್ರ ತಂತ್ರಾಂಶವನ್ನು ಅಳವಡಿಸಲು ಅದು ಮತ್ತೆ ಜೀವ ತಳೆಯಿತು.

ಅದರಲ್ಲಿ ಬಿಬಿಸಿ ಮೈಕ್ರೋ ಯಂತ್ರವನ್ನು ಅನುಕರಿಸುವ ತಂತ್ರಾಂಶವೊಂದನ್ನು ನಡೆಸಿ ನೋಡಿದೆವು. ಇಂಗ್ಲೆಂಡಿನಲ್ಲಿ 1981ರಲ್ಲಿ ಹೊರಬಂದ ಈ ಯಂತ್ರವೇ 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳನ್ನು ಪ್ರವೇಶಿಸಿತು. ಅದರ ‘ಬಿ’ ಮಾದರಿಯ ಸ್ಮರಣಶಕ್ತಿ ಕೇವಲ 32 ಕಿಲೋಬೈಟ್. ಆದರೂ ಗುಂಡಿಯೊತ್ತಿದೊಡನೆ ಅದು ಬೇಸಿಕ್ ಭಾಷೆಯ ಆಜ್ಞೆಗಾಗಿ ಕಾದು ನಿಲ್ಲುವುದು. ಬಳಸುವವನನ್ನು ಬರೆಯುವವನನ್ನಾಗಿ ಮಾಡುವುದು.

ಇಂದಿನ ಅನೇಕ ತಂತ್ರಾಂಶಗಳಾದರೋ ತಮ್ಮ ಒಳಗನ್ನು ನಮಗೆ ತೋರವು. ಇದನ್ನೊಪ್ಪದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ನಡೆಸುವ, ಓದಿ ತಿಳಿಯುವ, ತಿದ್ದುವ, ಹಂಚುವ ಸ್ವಾತಂತ್ರ್ಯಗಳುಳ್ಳದ್ದೇ ಸ್ವತಂತ್ರ ತಂತ್ರಾಂಶ. ಬಿಟ್ಟಿಯಾಗಿ ದೊರೆತುದೆಲ್ಲ ಸ್ವತಂತ್ರವಲ್ಲ.

ಇದರಿಂದ ಕನ್ನಡಿಗರಿಗೇನು ಲಾಭ? ಇಂಥ ತಂತ್ರಾಂಶದಲ್ಲಿ ನಮ್ಮ ಒತ್ತಕ್ಷರವೊಂದು ತಪ್ಪಾಗಿ ಮೂಡಿದರೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಬಲ್ಲವರು ತಾವೇ ತಿದ್ದಿ, ಎಲ್ಲರಿಗೂ ಹಂಚಬಹುದು. ಆ ಬಲ್ಲವರು ನಿಮ್ಮೊಳಗಿಂದಲೇ ಬರಬೇಕು. ಆದುದರಿಂದ ವಿದ್ಯಾರ್ಥಿಗಳೇ, ಹಳೆಯ ಯಂತ್ರವನ್ನು ಎಸೆಯುವ ಮುನ್ನ, ಹಿರಿಯರ ಜೊತೆಗೂಡಿ ಒಮ್ಮೆ ಅದರ ಮುಚ್ಚಳ ತೆರೆದು ನೋಡಿರಿ.