ಜಾರುವ ನೆಲ, ಎಡವುವ ಕಾಲು: ಕೆಲಸದ ಜಾಗದಲ್ಲಿ ಬೀಳದಿರಲು

“ಕೆಲಸದಲ್ಲಿ ಕಾಲು ಜಾರಿತಂತೆ” ಎಂಬ ಸುದ್ದಿಯನ್ನು ನಾವು ಹಗುರವಾಗಿ ಕೇಳಿಬಿಡುತ್ತೇವೆ. ಬಿದ್ದವರು ಮನೆಗೆ ದುಡಿದು ತರುವವರಾಗಿದ್ದರೆ, ಮುರಿದ ಒಂದು ಮಣಿಕಟ್ಟು ಎಂದರೆ ವಾರಗಟ್ಟಲೆ ಪ್ಲಾಸ್ಟರ್, ನಿಂತುಹೋದ ಪಗಾರ, ತಪ್ಪಿದ ಸಾಲದ ಕಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳ ಸಾವಿನಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ.

ಜಾರುವುದು ಬೇರೆ, ಎಡವುವುದು ಬೇರೆ

ನೆಲಕ್ಕೂ ಪಾದಕ್ಕೂ ಹಿಡಿತ ತಪ್ಪಿದರೆ ಜಾರುತ್ತೇವೆ. ನೀರು, ಎಣ್ಣೆ, ತುಪ್ಪ, ಬೆಲ್ಲದ ಪಾಕ ಇದಕ್ಕೆ ಕಾರಣ. ನಡೆಯುವ ಕಾಲಿಗೆ ಏನಾದರೂ ಅಡ್ಡ ಬಂದರೆ ಎಡವುತ್ತೇವೆ. ವಾಯರು, ಚೀಲ, ಕಿತ್ತ ಫರಸಿಕಲ್ಲು, ಕತ್ತಲು ಇದಕ್ಕೆ ಕಾರಣ. ಮೊದಲನೆಯದಕ್ಕೆ ಒರೆಸುವುದು ಮದ್ದು, ಎರಡನೆಯದಕ್ಕೆ ತೆರವು ಮಾಡುವುದು ಮತ್ತು ಬೆಳಕು.

ನಮ್ಮ ಕಡೆಯ ಕೆಲಸಗಳಲ್ಲಿ

ಗೋಕಾಕದ ಕರದಂಟಿನ ಅಡುಗೆಮನೆಯಲ್ಲಿ ನೆಲಕ್ಕೆ ತುಪ್ಪ, ಪಾಕ ಬೀಳುವುದು ಸಹಜ. ಅದರ ಮೇಲೆ ನೇರವಾಗಿ ನೀರು ಸುರಿದರೆ ಜಿಡ್ಡು ಹರಡುತ್ತದೆ. ಮೊದಲು ಕೆರೆದು ತೆಗೆಯಿರಿ, ಬಳಿಕ ಸೋಪಿನ ಬಿಸಿನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಿರಿ.

ಮೂಡಲಗಿ ಸುತ್ತಿನ ಬೆಲ್ಲದ ಗಾಣಗಳಲ್ಲಿ ಅಪಾಯ ಇನ್ನೂ ದೊಡ್ಡದು. ಕುದಿಯುವ ಕಡಾಯಿಯ ಪಕ್ಕ ಜಾರಿದರೆ ಮೈ ಸುಡುತ್ತದೆ. ಕಡಾಯಿಯ ಸುತ್ತ ತಡೆಗಟ್ಟೆ ಇರಲಿ. ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಓಡಾಡುವ ದಾರಿಯಲ್ಲಿ ಚೆಲ್ಲದಿರಲಿ. ರಾತ್ರಿ ಪಾಳಿಗೆ ದೀಪ ಇರಲಿ. ಹುಕ್ಕೇರಿ ತಾಲೂಕಿನ ಸಂಕೇಶ್ವರದಂಥ ಕಡೆ ಸಕ್ಕರೆ ಕಾರ್ಖಾನೆಗೆ ಹೋಗುವವರು ಸವೆದ ಚಪ್ಪಲಿ ಬಿಟ್ಟು, ಗೆರೆಯುಳ್ಳ ರಬ್ಬರ್ ಅಟ್ಟೆಯ ಬೂಟು ಹಾಕಿರಿ. ಕಬ್ಬಿನ ಹೇರಿನ ಮೇಲಿಂದ ಜಿಗಿಯಬೇಡಿ.

ಗೋಕಾಕದಲ್ಲಿ 1885ರಷ್ಟು ಹಿಂದೆಯೇ ನೂಲಿನ ಗಿರಣಿಯ ಕಂಪನಿ ಹುಟ್ಟಿತು. ಗಿರಣಿ ಕೆಲಸದಲ್ಲಿ ನೆಲಕ್ಕೆ ಬಿದ್ದ ಹತ್ತಿಯ ಧೂಳು, ಎಣ್ಣೆಯ ಹನಿ ಎರಡೂ ಕಾಲು ಜಾರಿಸುತ್ತವೆ. ಮನೆಯಲ್ಲಿ ಹೊಲಿಗೆ ಮಾಡುವ ಸಹೋದರಿಯರು ಯಂತ್ರದ ವಾಯರನ್ನು ಗೋಡೆಗುಂಟ ಒಯ್ಯಿರಿ. ನೆಲಕ್ಕೆ ತಾಗುವ ಬುರ್ಖಾ, ಲುಂಗಿ ಕಾಲಿಗೆ ಸಿಲುಕದಂತೆ ಮೆಟ್ಟಿಲು ಹತ್ತುವಾಗ ಎತ್ತಿ ಹಿಡಿಯಿರಿ.

ಉಪವಾಸದ ದಿನಗಳಲ್ಲಿ ಸಂಜೆ ಹೊತ್ತಿಗೆ ತಲೆ ಸುತ್ತಬಹುದು. ಏಣಿ ಹತ್ತುವ, ಭಾರ ಹೊರುವ ಕೆಲಸವನ್ನು ಬೆಳಗ್ಗೆಯೇ ಮುಗಿಸಿರಿ.

ಇದು ಮಾಲೀಕರ ಹೊಣೆಯೂ ಹೌದು

1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ನೆಲ, ಮೆಟ್ಟಿಲು, ಓಡಾಟದ ದಾರಿ ಗಟ್ಟಿಯಾಗಿರಬೇಕು, ಅಡೆತಡೆ ಮತ್ತು ಜಾರಿಸುವ ವಸ್ತು ಇರಬಾರದು ಎಂದಿತು. 33ನೇ ಕಲಮು ನೆಲದ ಗುಂಡಿಗಳಿಗೆ ಮುಚ್ಚಳ ಅಥವಾ ಬೇಲಿ ಇರಬೇಕೆಂದಿತು. ನಾಲ್ಕೇ ಆಳು ದುಡಿಯುವ ಸಣ್ಣ ಗಾಣಕ್ಕೂ ಇದು ಒಳ್ಳೆಯ ಅಳತೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಸದಕಾ ಎಂದು ಕಲಿತವರು ನಾವು. ಕೆಲಸದ ದಾರಿಯೂ ದಾರಿಯೇ.

ಯಾರಾದರೂ ಬಿದ್ದರೆ

ಗಡಿಬಿಡಿಯಿಂದ ಎಬ್ಬಿಸಬೇಡಿ. ಕುತ್ತಿಗೆ ಅಥವಾ ಬೆನ್ನು ನೋಯುತ್ತಿದ್ದರೆ, ಕಾಲು ಜೋಮು ಹಿಡಿದಿದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿರಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಾತ ಕೈಕಾಲನ್ನು ತಿಕ್ಕಬೇಡಿ, ಎಳೆಯಬೇಡಿ. ಹಲಗೆ ಕಟ್ಟಿ ಎಕ್ಸ್‌ರೇ ಮಾಡಿಸಿರಿ. ಬಿಸಿಪಾಕ ಸಿಡಿದರೆ 20 ನಿಮಿಷ ತಣ್ಣೀರು ಹರಿಸಿರಿ; ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿ.

ಬೀಳದೆ ಬರೀ ಜಾರಿದ ಜಾಗವನ್ನೂ ಮಾಲೀಕರಿಗೆ ತೋರಿಸಿರಿ. ಇಂದು ನೀವು ಜಾರಿದ ಜಾಗದಲ್ಲಿ ನಾಳೆ ಇನ್ನೊಬ್ಬರು ಬಿದ್ದಾರು.